ಬೀರುವಿನೊಳಗಿನ ಬೆಣ್ಣೆ

ಅತ್ತೆ ಹಾಲಿನ ಲೋಟವನ್ನು ಮೂಗಿನ ಹತ್ತಿರ ಹಿಡಿದವರು ಕುಡಿಯದೆ ಕೆಳಗಿಟ್ಟರು.

"ಇದಕ್ಕೇನು ಹಾಕಿದ್ದೀಯೇ?"

"ಏನೂ ಇಲ್ಲ ಅತ್ತೆ. ಸಕ್ಕರೆ ಕೂಡ ಹಾಕಿಲ್ಲ. ನೀವೇ ಬೇಡ ಅಂದ್ರಲ್ಲ."

"ಮತ್ತೆ ಸಿಹಿ ಸಿಹಿ ವಾಸನೆ ಯಾಕೆ ಹೊಡೀತಿದೆ?"

ಸೊಸೆ ಲೋಟವನ್ನು ಅತ್ತೆಯ ಕೋಣೆಯಿಂದ ಅಡುಗೆಮನೆಗೆ ಒಯ್ದು ಮೂಸಿ ನೋಡಿದಳು. ಅವಳಿಗೆ ಹಾಲಿನ ವಾಸನೆ ಬಿಟ್ಟರೆ ಬೇರೇನೂ ಸಿಗಲಿಲ್ಲ. ವಯಸ್ಸಾದವರ ಬಾಯಿರುಚಿ ಎಂದುಕೊಂಡು ತಾನೇ ಆ ಹಾಲು ಕುಡಿದು ಮಲಗಿದಳು. ಮನೆಯೊಳಗೆ ಅನುಮಾನ ಕಾಲಿಟ್ಟಿತ್ತು. ಅದು ಅವಳಿಗೆ ಗೊತ್ತಾಗಲಿಲ್ಲ.

ಅವಳು ಕೆಲಸ ಮಾಡುತ್ತಿದ್ದದ್ದು ಕನ್ನಡಕದ ಅಂಗಡಿಯಲ್ಲಿ. ಗಾಜಿನ ಅಂಚನ್ನು ಚಕ್ರಕ್ಕೆ ಹಿಡಿದು ಉಜ್ಜಿ, ಫ್ರೇಮಿಗೆ ಸರಿಯಾಗಿ ಕೂರಿಸುವುದು ಅವಳ ಕೆಲಸ. ಬೀದಿಯವರೆಲ್ಲ ಅವಳನ್ನು ಕನ್ನಡಕದಕ್ಕ ಎನ್ನುತ್ತಿದ್ದರು. ಮಾತು ಕಡಿಮೆ, ನಗು ಸಲೀಸು. ಅತ್ತೆ ಅದಕ್ಕೆ ತದ್ವಿರುದ್ಧ. ಶಾಲಾ ಮಕ್ಕಳ ಸಮವಸ್ತ್ರ ಹೊಲಿದು ಸಂಸಾರ ನಡೆಸಿದ ಹೆಂಗಸು. ಬೀದಿಯ ಆಚೆ ಬದಿಯಲ್ಲಿ ಹೋಗುವವರ ಕಾಲರು ಸೊಟ್ಟಗಿದ್ದರೆ ಕೂಗಿ ಹೇಳುವಷ್ಟು ಕಣ್ಣು ಚುರುಕು, ಮೂಗು ಅದಕ್ಕಿಂತ ಚುರುಕು. ಇಬ್ಬರಿಗೂ ಜಗಳವೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಬೆಳಗಿನ ಜಗಳ ಸಂಜೆಯ ಹೊತ್ತಿಗೆ ತಣ್ಣಗಾಗುತ್ತಿತ್ತು.

ಮನೆ ಮೇಲಿನ ಮಹಡಿಯಲ್ಲಿತ್ತು. ಹಲಗೆಯ ನೆಲ. ಮುಂದೆ ಒಂದು ಕೋಣೆ, ನಡುವೆ ಅಡುಗೆಮನೆ, ಹಿಂದೆ ಅತ್ತೆಯ ಕೋಣೆ. ಕೆಳಗೆ ಡ್ರೈಕ್ಲೀನಿಂಗ್ ಅಂಗಡಿ. ಅದರ ಮಾಲೀಕರನ್ನು ಎಲ್ಲರೂ ಇಸ್ತ್ರಿ ಮಾವ ಎಂದೇ ಕರೆಯುತ್ತಿದ್ದರು. ಅತ್ತೆ ಹೊಲಿದದ್ದನ್ನು ಇವರು ಇಸ್ತ್ರಿ ಮಾಡಿ ಬೆಳೆದ ಸ್ನೇಹ ಅದು. ಮೊದಲೆಲ್ಲ ಅವರು ಕೋಟು, ರೇಷ್ಮೆಗಳನ್ನು ಊರಾಚೆಯ ದೊಡ್ಡ ಲಾಂಡ್ರಿಗೆ ಕಳಿಸಿ ತರಿಸುತ್ತಿದ್ದರು. ಹೋದ ವರ್ಷ ಎಲ್ಲಿಂದಲೋ ಹಳೆಯ ಯಂತ್ರವೊಂದನ್ನು ಕೊಂಡು ತಂದು, ಅಂಗಡಿಯ ಹಿಂಭಾಗದಲ್ಲಿ ನಿಲ್ಲಿಸಿಕೊಂಡಿದ್ದರು. "ನನ್ನ ಆನೆ ನೋಡಿದ್ಯೇನಮ್ಮ?" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ನೀರಿಲ್ಲದೆ ಬಟ್ಟೆ ಒಗೆಯುವ ಆನೆ ಅದು.

ಹಾಲಿನ ಮಾತಾದ ಮೇಲೆ ಅತ್ತೆಗೆ ತಲೆಸುತ್ತು ಶುರುವಾಯಿತು. ಬೆಳಿಗ್ಗೆ ಎದ್ದರೆ ಹೊಟ್ಟೆ ತೊಳಸುತ್ತಿತ್ತು. ಕಣ್ಣು ಮುಚ್ಚಿಕೊಂಡೇ ಸೂಜಿಗೆ ದಾರ ಪೋಣಿಸುತ್ತಿದ್ದವರು ಸೂಜಿ ಎಲ್ಲಿಟ್ಟೆ ಎಂದು ಮನೆಯೆಲ್ಲ ಹುಡುಕತೊಡಗಿದರು. ಡಾಕ್ಟರು ರಕ್ತದೊತ್ತಡ ನೋಡಿ, "ವಯಸ್ಸಾಯ್ತಲ್ಲ ತಾಯಿ" ಎಂದು ಗುಳಿಗೆ ಬರೆದರು. ಗುಳಿಗೆಯಿಂದ ಏನೂ ಆಗಲಿಲ್ಲ.

ಗಾಳಿ ಬದಲಾದರೆ ಒಳ್ಳೆಯದಾಗಬಹುದೆಂದು ಅತ್ತೆಯ ಮಗಳು ಬಂದು ತಾಯಿಯನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಅಲ್ಲಿ ಅವರು ಗೆಲುವಾದರು. ಮೊಮ್ಮಕ್ಕಳ ಅಂಗಿ ಹೊಲಿದುಕೊಟ್ಟರು, ಮೆಟ್ಟಿಲನ್ನು ಕಂಬಿ ಹಿಡಿಯದೆ ಹತ್ತಿದರು. ವಾಪಸು ಬಂದ ವಾರದೊಳಗೆ ಮತ್ತೆ ಹಾಸಿಗೆ ಹಿಡಿದರು. ಆಗ ನಾದಿನಿ ಫೋನಿನಲ್ಲಿ ಅಣ್ಣನಿಗೆ ಹೇಳಿದ ಮಾತು ಸ್ಪೀಕರಿನಲ್ಲಿದ್ದುದರಿಂದ ಎಲ್ಲರ ಕಿವಿಗೂ ಬಿತ್ತು.

"ಅಮ್ಮ ಇಲ್ಲಿ ಚೆನ್ನಾಗೇ ಇದ್ಲಲ್ಲ ಅಣ್ಣ. ಅಲ್ಲಿ ಏನಾಗತ್ತೆ ಅವಳಿಗೆ?"

ಅಣ್ಣ ಬಸ್ ಡಿಪೋದಲ್ಲಿ ಟೈರು ವಿಭಾಗದವನು, ಮನೆಯ ವಿಷಯಕ್ಕೆ ಬಾಯಿ ಹಾಕುವವನಲ್ಲ. ಫೋನನ್ನು ಮೇಜಿನ ಮೇಲಿಟ್ಟು ಹೆಂಡತಿಯ ಮುಖ ನೋಡಿ, ಕೂಡಲೇ ನೋಟ ಬೇರೆಡೆಗೆ ತಿರುಗಿಸಿದ.

ಮರುದಿನದಿಂದ ಅತ್ತೆ ಸೊಸೆಯ ಕೈಯಡುಗೆ ಮುಟ್ಟಲಿಲ್ಲ. ತಾವೇ ಕೋಲೂರಿಕೊಂಡು ಬೇಕರಿಗೆ ಹೋಗಿ ಬ್ರೆಡ್ಡು, ಬೆಣ್ಣೆ ತಂದು ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡರು. ಕೀಲಿ ಸೆರಗಿನ ತುದಿಯಲ್ಲಿ. ಅವರ ಕಿಟಕಿ ಅಡುಗೆಮನೆಯ ಬಾಲ್ಕನಿಯ ಕಡೆಗೆ ತೆರೆಯುತ್ತಿತ್ತು. ಅಲ್ಲಿಂದ ಕೈ ಹಾಕಿದರೆ? ಅದನ್ನೂ ಮುಚ್ಚಿ ಚಿಲಕ ಹಾಕಿದರು. ಬಾಗಿಲೂ ಮುಚ್ಚಿತು. ಬೇಕರಿಯ ದಾರಿ ಬಿಟ್ಟರೆ ಇಡೀ ದಿನ ಆ ಕೋಣೆಯಲ್ಲೇ. ಹಾಗೆ ಕಾವಲು ಬಿಗಿ ಮಾಡಿದಷ್ಟೂ ಕಾಯಿಲೆ ಜೋರಾಯಿತು. ಕಾಯಿಲೆ ಜೋರಾದಷ್ಟೂ ಅವರ ಅನುಮಾನ ಗಟ್ಟಿಯಾಯಿತು.

ಸೊಸೆಗೂ ರೇಗಿತು. ಅಜ್ಜಿಯ ಕೋಣೆಯಲ್ಲಿ ಹೋಂವರ್ಕ್ ಮಾಡಿ ಅಲ್ಲೇ ಮಲಗುತ್ತಿದ್ದ ಮಗಳನ್ನು ಹಾಸಿಗೆ ಸಮೇತ ಮುಂದಿನ ಕೋಣೆಗೆ ಎಳೆದುಕೊಂಡು ಬಂದಳು. "ನಾನು ವಿಷ ಹಾಕೋಳಾದ್ರೆ ನನ್ನ ಮಗೂನ ಯಾಕೆ ಅಲ್ಲಿ ಬಿಡಲಿ?" ಎಂದು ಗಂಡನ ಮುಂದೆ ಅಂದಳು. ಅದು ಸಿಟ್ಟಿನ ಮಾತು. ಗಂಡನ ಕಿವಿಗೆ ಅದು ಹೇಗೆ ಕೇಳಿಸಿತೋ.

ಇಂಥ ಸುದ್ದಿಗೆ ಮೆಟ್ಟಿಲು ಇಳಿಯಲು ಎಷ್ಟು ಹೊತ್ತು? ಬೇಕರಿಯವಳು ಬ್ರೆಡ್ಡು ಕಟ್ಟಿಕೊಡುತ್ತ, "ನಿಮ್ಮತ್ತೆ ಈಗೀಗ ತಾವೇ ಬರ್ತಾರಲ್ಲ" ಎಂದಳು. ಎದುರು ಮನೆಯವರು, ತಾವು ಕೊಟ್ಟ ತಿಂಡಿಯ ಬಟ್ಟಲನ್ನು ಖಾಲಿಯಾಗಿಯೇ ವಾಪಸು ಕೊಡು, ಏನೂ ಹಾಕಿ ಕೊಡಬೇಡ ಎಂದರು. ಸಕ್ಕರೆಯಾದರೂ ಹಾಕಿ ಕೊಡುವ ರೂಢಿಯವಳು ಬರಿಗೈಯಲ್ಲಿ ಮನೆಗೆ ಬಂದು ಕೂತುಬಿಟ್ಟಳು.

ಒಂದು ಬೆಳಿಗ್ಗೆ ಅತ್ತೆ ಬಚ್ಚಲುಮನೆಯ ಬಾಗಿಲಲ್ಲಿ ಕುಸಿದು ಬಿದ್ದರು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ಕೂಡಲೇ, ಮಗ, ನರ್ಸು, ಪಕ್ಕದ ಹಾಸಿಗೆಯವರು ಎಲ್ಲರ ಎದುರಿಗೆ ಡಾಕ್ಟರ ಕೈ ಹಿಡಿದು ಹೇಳಿದರು:

"ನನ್ನ ಸೊಸೆ ನನಗೇನೋ ಹಾಕ್ತಿದ್ದಾಳೆ ಡಾಕ್ಟ್ರೇ. ನೀವಾದ್ರೂ ಕಂಡುಹಿಡೀರಿ."

ಡಾಕ್ಟರು ತಲೆಯೆತ್ತಿ ಸೊಸೆಯನ್ನು ನೋಡಿದರು. ನರ್ಸು ನೋಡಿದಳು. ಪಕ್ಕದ ಹಾಸಿಗೆಯ ಮುದುಕಿ ತಿನ್ನುತ್ತಿದ್ದ ಬಿಸ್ಕತ್ತು ಬಿಟ್ಟು ನೋಡಿದಳು. ಸೊಸೆಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಅತ್ತೆಯ ಮಾತಿನಲ್ಲಿ ಒಂದು ಪದ ಅವಳ ಮನಸ್ಸಿಗೆ ಅಂಟಿಕೊಂಡಿತು. ಕಂಡುಹಿಡೀರಿ. ಹೌದು, ಕಂಡುಹಿಡಿಯಲಿ.

ಮರುದಿನ ಅಂಗಡಿಗೆ ರಜೆ ಹಾಕಿ, ತಾನು ಮಾಡಿದ ಅಡುಗೆಯನ್ನೆಲ್ಲ ಟಿಫಿನ್ ಕ್ಯಾರಿಯರಿಗೆ ತುಂಬಿಕೊಂಡು ನಗರದ ಆರೋಗ್ಯ ಕಚೇರಿಗೆ ಹೋದಳು. ಕಿಟಕಿಯ ಹಿಂದಿದ್ದ ಗುಮಾಸ್ತ ಕ್ಯಾರಿಯರನ್ನೂ ಅವಳನ್ನೂ ನೋಡಿ ಕೇಳಿದ, "ಊಟಾನಾ? ಯಾರಿಗೆ?"

"ಪರೀಕ್ಷೆಗೆ. ಇದರಲ್ಲಿ ವಿಷ ಇದೆಯಾ ಇಲ್ವಾ ಬರೆದುಕೊಡಿ."

"ಮಾಡಿದ್ದು ಯಾರು?"

"ನಾನೇ."

ಗುಮಾಸ್ತ ನಗಲೋ ಬೇಡವೋ ತಿಳಿಯದೆ ಒಳಗೆ ಹೋಗಿ ಪರೀಕ್ಷಕಿಯನ್ನು ಕರೆತಂದ. ನಡುವಯಸ್ಸಿನ ಹೆಂಗಸು, ಚೌಕ ಮುಖ, ಮಾತಿಗೆ ಮುಂಚೆ ಎದುರಿನವರ ಕೈ ನೋಡುವ ಅಭ್ಯಾಸ. ಬಾವಿ ನೀರು, ಕಾರ್ಖಾನೆಯ ಹೊಗೆ, ಹಳೆಯ ಬಣ್ಣದ ಧೂಳು, ಇಂಥವುಗಳಿಂದ ಯಾರಿಗೆ ಎಷ್ಟು ಅಪಾಯ ಎಂದು ಅಳೆಯುವುದು ಅವರ ಕೆಲಸ. ಕಥೆ ಪೂರ್ತಿ ಕೇಳಿ ಅವರು, "ನೀವು ತಂದಿರೋದು ನಿಮ್ಮತ್ತೆ ತಿನ್ನದೇ ಇರೋ ಊಟ. ಅವರು ತಿನ್ನೋದೇನು?" ಎಂದರು.

"ಬ್ರೆಡ್ಡು, ಬೆಣ್ಣೆ. ಅವರ ಬೀರುವಿನಲ್ಲಿದೆ. ಕೀಲಿ ಅವರ ಹತ್ರಾನೇ."

"ಅದನ್ನೂ ತರಿಸಿ. ನೀವು ತರಬೇಡಿ."

ಆಸ್ಪತ್ರೆಯಿಂದ ಮನೆಗೆ ಬಂದ ಅತ್ತೆ ಸಂತೋಷದಿಂದಲೇ ಬೆಣ್ಣೆಯನ್ನು ಡಬ್ಬಿಗೆ ಹಾಕಿ ಮಗನ ಕೈಯಲ್ಲಿ ಕಳಿಸಿದರು. ಸೊಸೆಯೂ ಸಂತೋಷವಾಗಿದ್ದಳು. ತನ್ನ ಅಡುಗೆ ಶುದ್ಧ, ಬೆಣ್ಣೆ ಬೇಕರಿಯದು. ಇನ್ನೇನು ಬರಲು ಸಾಧ್ಯ?

ಅಡುಗೆಯಲ್ಲಿ ಏನೂ ಇರಲಿಲ್ಲ. ಬೆಣ್ಣೆಯಲ್ಲಿ ಇತ್ತು.

ಜಿಡ್ಡು ಕರಗಿಸುವ ಒಂದು ದ್ರಾವಕ, ಬೆಣ್ಣೆಯಲ್ಲಿ ಯಾವ ಕಾರಣಕ್ಕೂ ಇರಬಾರದ್ದು ಎಂದು ಕಚೇರಿಯಿಂದ ಫೋನು ಬಂತು. ಬೇಕರಿಯಲ್ಲಿದ್ದ ಅದೇ ಬೆಣ್ಣೆಯಲ್ಲಿ ಅದರ ಸುಳಿವೇ ಇಲ್ಲವಂತೆ. ಫೋನು ಎತ್ತಿದ್ದು ಗಂಡ. ಕೇಳಿಸಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ನಿಮ್ಮ ಅಂಗಡೀಲಿ ಫ್ರೇಮಿನ ಜಿಡ್ಡು ಒರೆಸೋಕೆ ಒಂದು ಬಾಟಲಿ ಇದೆಯಲ್ಲ?"

"ಇದೆ."

"ಆ ಬೀರುವಿಗೆ ಇನ್ನೊಂದು ಕೀಲಿ ಇದೆಯಾ?"

ಅವಳು ತೊಳೆಯುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟಳು. ಇಷ್ಟು ದಿನ ಅತ್ತೆ ಅಂದದ್ದು, ಬೇಕರಿಯವಳು ಅಂದದ್ದು, ಆಸ್ಪತ್ರೆಯವರು ನೋಡಿದ್ದು ಎಲ್ಲವನ್ನೂ ಅವಳು ನುಂಗಿಕೊಂಡಿದ್ದಳು. ಇದು ಗಂಟಲಲ್ಲಿ ಇಳಿಯಲಿಲ್ಲ. "ಇಲ್ಲ" ಎಂದಷ್ಟೇ ಹೇಳಿ, ಮಗಳ ಪಕ್ಕ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಪರೀಕ್ಷಕಿ ಮೊದಲು ಹೋದದ್ದು ಕನ್ನಡಕದ ಅಂಗಡಿಗೇ. ಬಾಟಲಿಯಿಂದ ಸ್ವಲ್ಪ ತೆಗೆದುಕೊಂಡರು. ಅಷ್ಟಕ್ಕೇ ಅಂಗಡಿಯ ಯಜಮಾನ, "ಇದೆಲ್ಲ ಮುಗಿಯೋವರೆಗೂ ಬರಬೇಡಮ್ಮ, ಗಿರಾಕಿಗಳು ಒಂದಕ್ಕೆರಡು ಮಾತಾಡ್ತಾರೆ" ಎಂದು ಅವಳನ್ನು ಮನೆಗೆ ಕಳಿಸಿದ. ಬಾಟಲಿಯಲ್ಲಿದ್ದದ್ದು ಬೇರೆಯೇ ದ್ರಾವಕ, ಬೆಣ್ಣೆಯಲ್ಲಿ ಸಿಕ್ಕದ್ದಲ್ಲ. ಅದನ್ನು ಹೇಳಲು ಪರೀಕ್ಷಕಿ ಮನೆಗೆ ಬಂದಾಗ ಅವಳು ಕೇಳಿದಳು, "ಈಗಲಾದ್ರೂ ನನ್ನ ನಂಬ್ತೀರಾ ಮೇಡಂ?"

"ಇಲ್ಲಮ್ಮ. ನಿಮ್ಮನ್ನೂ ನಂಬಲ್ಲ, ನಿಮ್ಮತ್ತೆನೂ ನಂಬಲ್ಲ. ಸದ್ಯಕ್ಕೆ ಬೆಣ್ಣೆ ಒಂದನ್ನೇ ನಂಬಿದೀನಿ."

ಈ ಮಾತಿನಿಂದ ಅವಳಿಗೆ ಯಾಕೋ ಸಮಾಧಾನವಾಯಿತು. ಮುಖದ ಮೇಲೆ ಹೇಳುವ ಅನುಮಾನವನ್ನು ಅವಳು ಕೇಳಿ ಬಹಳ ದಿನವಾಗಿತ್ತು.

ಅತ್ತೆಯ ಹಾಸಿಗೆಯ ಪಕ್ಕ ಪರೀಕ್ಷಕಿ ಕುರ್ಚಿ ಎಳೆದುಕೊಂಡು ಕೂತರು. ಎಲ್ಲಿ ಮಲಗುತ್ತೀರಿ, ಎಷ್ಟು ಹೊತ್ತು, ತಲೆ ಯಾವ ಕಡೆ, ಕಿಟಕಿ ತೆಗೆಯುವುದು ಯಾವಾಗ, ಬೇಕರಿಗೆ ನಡೆದು ಹೋದಾಗ ತಲೆಸುತ್ತು ಹೆಚ್ಚೋ ಕಡಿಮೆಯೋ ಎಂದು ಕೇಳುತ್ತ ಹೋದರು. ಅತ್ತೆಗೆ ಇದು ರೇಜಿಗೆ.

"ನಾನು ಮಲಗೋದು ಕೇಳ್ಕೊಂಡು ಏನ್ಮಾಡ್ತೀರ? ಹಾಕಿದ್ದು ಯಾರು ಕೇಳಿ."

"ಅಜ್ಜಿ, ವಿಷ ಅನ್ನೋದು ಎಲ್ಲಾದ್ರೂ ಇರುತ್ತೆ. ಅದು ನಿಮ್ಮ ಮೈಗೆ ಯಾವ ದಾರೀಲಿ ಬಂತು, ಎಷ್ಟು ಬಂತು ಅನ್ನೋದು ಗೊತ್ತಾಗದೆ ಯಾರ ಹೆಸರು ಹೇಳಿದ್ರೂ ಅದು ಚಾಡಿ."

ಹೊರಗೆ ನಡೆದಾಗ ತಲೆ ಹಗುರವಾಗುತ್ತದೆ ಎಂದು ಅತ್ತೆ ಒಪ್ಪಿಕೊಂಡರು. ಆ ಹೊತ್ತಿಗೆ ಪರೀಕ್ಷಕಿ ತಮ್ಮ ಹಣೆಯನ್ನೇ ಒತ್ತಿಕೊಳ್ಳುತ್ತಿದ್ದರು. ಎದ್ದು ಗೋಡೆ ಮುಟ್ಟಿ ನೋಡಿದರು, ನೆಲದ ಸಂದುಗಳಿಗೆ ಮೂಗು ಹಿಡಿದರು. ಅತ್ತೆಯ ಮಗನನ್ನು ಕರೆದು ಬೀರು ಸರಿಸಲು ಹೇಳಿದರು. ಬೀರುವಿನ ಕೆಳಗೆ ಹಲಗೆಯಲ್ಲಿ ಒಂದು ಮುಷ್ಟಿಯಷ್ಟು ತೂತು. ಯಾವ ಕಾಲದಲ್ಲೋ ಅಲ್ಲಿ ನೀರಿನ ಕೊಳವೆ ಇತ್ತಂತೆ. ತೂತಿನಿಂದ ಕೆಳಗಿನ ಯಂತ್ರದ ಗುರುಗುರು ಸದ್ದು ಬಂತು, ಇಸ್ತ್ರಿ ಮಾವ ಕೆಮ್ಮುವುದು ಕೇಳಿಸಿತು, ಅದರ ಜೊತೆ ಆ ಸಿಹಿ ವಾಸನೆ.

"ಇದೇ!" ಎಂದರು ಅತ್ತೆ, ಎದ್ದು ಕೂತು. "ಇದೇ ವಾಸನೆ ಹಾಲಲ್ಲಿದ್ದದ್ದು!" ಮರುಕ್ಷಣ ಅವರ ಮುಖ ಬದಲಾಯಿತು. "ಹಾಗಾದ್ರೆ ಇವಳು ಇಸ್ತ್ರಿಯವನ ಹತ್ರ ಇಸ್ಕೊಂಡು ಬಂದು ಹಾಕಿದ್ದಾಳೆ."

ಪರೀಕ್ಷಕಿ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಹಾಗೂ ಆಗಿರಬಹುದಿತ್ತಲ್ಲ. ಅವರು ಅತ್ತೆಯನ್ನು ಮತ್ತೆ ಮಗಳ ಮನೆಗೆ ಕಳಿಸಿದರು. ಬೀರುವನ್ನು ಅದರ ಜಾಗಕ್ಕೇ ಸರಿಸಿ, ತಾವೇ ಕೊಂಡು ತಂದ ಹೊಸ ಬೆಣ್ಣೆಯನ್ನು ತಟ್ಟೆಯಲ್ಲಿ ಬಿಚ್ಚಿ ಅದರೊಳಗಿಟ್ಟರು, ಇನ್ನೊಂದು ತಟ್ಟೆ ಅಡುಗೆಮನೆಯ ಕಪಾಟಿನಲ್ಲಿ. ಗಾಳಿಯಲ್ಲಿರುವುದನ್ನು ಹೀರಿಕೊಳ್ಳುವ ಪುಟ್ಟ ಬಿಲ್ಲೆಗಳನ್ನು ಕೋಣೆಗಳಲ್ಲಿ ನೇತುಹಾಕಿದರು. ಬೀರುವಿಗೆ, ಕಪಾಟಿಗೆ, ಅತ್ತೆಯ ಕೋಣೆಯ ಬಾಗಿಲು ಕಿಟಕಿಗೆ ಕಚೇರಿಯ ಮೊಹರಿನ ಪಟ್ಟಿ ಅಂಟಿಸಿದರು. ಕೆಳಗಿಳಿದು ಇಸ್ತ್ರಿ ಮಾವನಿಗೂ, "ಎಂದಿನ ಹಾಗೇ ಕೆಲಸ ಮಾಡಿ" ಎಂದು ಹೇಳಿ ಹೋದರು.

ಆ ದಿನಗಳಲ್ಲಿ ಗಂಡ ಹೆಂಡತಿ ಒಂದೇ ಮನೆಯಲ್ಲಿ ಬಾಡಿಗೆಯವರ ಹಾಗಿದ್ದರು. ಅವನು ಮೊಹರಿನ ಬಾಗಿಲ ಮುಂದೆ ಹಾದು ಹೋಗುವಾಗಲೆಲ್ಲ ಪಟ್ಟಿಯನ್ನು ಓರೆಗಣ್ಣಿನಿಂದ ನೋಡುತ್ತಿದ್ದ. ಅವಳೂ ನೋಡುತ್ತಿದ್ದಳು, ಅವನೇ ಕಿತ್ತುಬಿಟ್ಟರೆ ಗತಿಯೇನು ಎಂದು. ಇಸ್ತ್ರಿ ಮಾವನಂತೂ ಅವಳನ್ನು ಮೆಟ್ಟಿಲ ಬುಡದಲ್ಲಿ ತಡೆದು ನಿಲ್ಲಿಸಿದರು.

"ಅತ್ತೆ ಸೊಸೆ ಜಗಳಕ್ಕೆ ನನ್ನ ಅಂಗಡಿ ಯಾಕಮ್ಮ ಎಳೀತೀಯ? ನಿನ್ನ ತಲೆ ಉಳಿಸ್ಕೊಳ್ಳೋಕೆ ನನ್ನ ತಲೆ ಕೊಡ್ತಿದ್ದೀಯ?"

"ನಿಮ್ಮ ತಲೆ ನೋಯಲ್ವಾ ಮಾವ?"

"ಇಲ್ಲ!" ಎಂದರು ಅವರು, ಗೋಡೆ ಹಿಡಿದುಕೊಂಡೇ.

ಮೊಹರು ಒಡೆಯುವ ದಿನ ನಾದಿನಿಯೂ ತಾಯಿಯನ್ನು ಕರೆದುಕೊಂಡು ಬಂದಳು. ಪಟ್ಟಿಗಳು ಹಾಗೇ ಇದ್ದವು. ಎಲ್ಲರೂ ನೋಡಿದ ಮೇಲೆ ಪರೀಕ್ಷಕಿ ಬೆಣ್ಣೆಯ ತಟ್ಟೆಗಳನ್ನು ಮುಚ್ಚಿ, ಬಿಲ್ಲೆಗಳನ್ನು ಬಿಚ್ಚಿ ಒಯ್ದರು. ಕೆಲವು ದಿನ ಬಿಟ್ಟು ಬಂದು ಫಲಿತಾಂಶ ಹೇಳಿದರು. ಯಾರ ಕೈಯೂ ಸೋಕದ ಬೀರುವಿನ ಬೆಣ್ಣೆಯಲ್ಲಿ ಅದೇ ದ್ರಾವಕವಿತ್ತು, ಅತ್ತೆ ಕಳಿಸಿದ್ದಕ್ಕಿಂತ ಹೆಚ್ಚೇ ಇತ್ತು. ಅಡುಗೆಮನೆಯದರಲ್ಲಿ ಲೆಕ್ಕಕ್ಕಿಲ್ಲದಷ್ಟು. ಬಿಲ್ಲೆಗಳೂ ಅದನ್ನೇ ಹೇಳಿದವು. ಹಳೆಯ ಯಂತ್ರದ ಬಾಗಿಲಿನ ರಬ್ಬರು ಸವೆದು, ದ್ರಾವಕ ಆವಿಯಾಗಿ ಸೋರುತ್ತಿತ್ತು, ತೂತಿನಿಂದ ಮೇಲೇರುತ್ತಿತ್ತು. ಜಿಡ್ಡನ್ನು ಕಂಡರೆ ಅದು ಅಂಟಿಕೊಳ್ಳುತ್ತದೆ, ಹಾಲಿನ ಕೆನೆಯನ್ನೂ ಬೆಣ್ಣೆಯನ್ನೂ ಬಿಡುವುದಿಲ್ಲ.

"ಆದ್ರೆ ನಿಮಗೆ ಹೆಚ್ಚು ತೊಂದ್ರೆ ಆಗಿದ್ದು ತಿಂದದ್ದರಿಂದಲ್ಲ ಅಜ್ಜಿ, ಉಸಿರಿನಿಂದ. ಕಿಟಕಿ ಮುಚ್ಚಿ ಕೂತ್ರಲ್ಲ, ಅದರಿಂದ."

ನಾದಿನಿ ಅತ್ತಿಗೆಯ ಕೈ ಹಿಡಿಯಲು ಬಂದಳು. ಇವಳು ಕೊಡಲಿಲ್ಲ, ಕಸಿದುಕೊಳ್ಳಲೂ ಇಲ್ಲ. ಕೊನೆಗೆ ಅತ್ತೆಯೇ ಗಂಟಲು ಸರಿಮಾಡಿಕೊಂಡು, "ವಾಸನೆ ಇದೆ ಅಂತ ನಾನು ಹೇಳಿದ್ದು ಸುಳ್ಳಾಗಲಿಲ್ಲ ನೋಡು" ಎಂದರು.

"ಇಲ್ಲ ಅತ್ತೆ. ನಿಮ್ಮ ಮೂಗು ಸರಿಯಾಗೇ ಇತ್ತು. ಬೆರಳು ತೋರಿಸಿದ್ದು ಮಾತ್ರ ತಪ್ಪಾಯ್ತು."

ಅತ್ತೆ ನಕ್ಕರು. ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರ ಕ್ಷಮೆ ಕೇಳುವ ರೀತಿ ಅಷ್ಟೇ, ಸೊಸೆಗೆ ಅಷ್ಟು ಸಾಕಾಯಿತು.

ಗಂಡನ ವಿಷಯ ಹಾಗಲ್ಲ. ಅವನು ಅಂದು ಸಂಜೆ ಅವಳಿಗಿಷ್ಟವೆಂದು ಹಣ್ಣು ತಂದು ಮೇಜಿನ ಮೇಲಿಟ್ಟು, "ಆಗಿದ್ದು ಆಗಿಹೋಯ್ತು. ಅಮ್ಮ ಅಷ್ಟು ಹೇಳುವಾಗ ನಾನೇನು ಮಾಡ್ಲಿ ಹೇಳು" ಎಂದ.

ಅವಳು ಹಣ್ಣನ್ನು ಪಕ್ಕಕ್ಕೆ ಸರಿಸಿದಳು.

"ಅತ್ತೆಗೆ ತಲೆ ಸುತ್ತುತ್ತಿತ್ತು, ಅನುಮಾನ ಬಂತು. ನಿಮಗೇನು ಸುತ್ತುತ್ತಿತ್ತು ರೀ?"

ಆಮೇಲೂ ಅವರು ಜೊತೆಗೇ ಬಾಳಿದರು, ನಗುತ್ತಲೂ ಇದ್ದರು. ಆದರೆ ಅವನು ಏನಾದರೂ ಪ್ರಶ್ನೆ ಕೇಳಿದರೆ ಅವಳು ಉತ್ತರಿಸುವ ಮೊದಲು ಒಮ್ಮೆ ಅವನ ಮುಖ ನೋಡುವುದು ಶುರುವಾಯಿತು. ಅದು ಹೋಗಲೇ ಇಲ್ಲ.

ಯಂತ್ರ ನಿಲ್ಲಿಸಬೇಕೆಂದು ಕಚೇರಿಯ ಆದೇಶ ಬಂದಾಗ ಇಸ್ತ್ರಿ ಮಾವ ಮೇಲಿನ ಮನೆಯವರ ಜೊತೆ ಮಾತು ಬಿಟ್ಟರು. ಪರೀಕ್ಷಕಿ ಮಾತ್ರ ಹೋಗುವ ಮುನ್ನ ಕನ್ನಡಕದಕ್ಕನನ್ನು ಪಕ್ಕಕ್ಕೆ ಕರೆದು, "ಮೇಲಿದ್ದವರಿಗೇ ಇಷ್ಟಾದರೆ ಆನೆ ಪಕ್ಕ ದಿನವಿಡೀ ನಿಂತವರಿಗೆ ಎಷ್ಟಾಗಿರಬೇಕು? ನಾನು ಕರೆದ್ರೆ ಬರಲ್ಲ ಅವರು" ಎಂದಿದ್ದರು. ಅವಳು ಅತ್ತೆಯನ್ನೇ ಕೆಳಗೆ ಕಳಿಸಿದಳು. ಹಳೆಯ ಸ್ನೇಹಿತೆ ಅಂಗಡಿಯ ಬಾಗಿಲಲ್ಲಿ ನಿಂತು, "ಏಳಯ್ಯ, ಸತ್ತ ಮೇಲೆ ಯಾರಿಗೆ ಇಸ್ತ್ರಿ ಮಾಡ್ತೀಯ?" ಎಂದು ಬೈದು ಆಸ್ಪತ್ರೆಗೆ ಹೊರಡಿಸಿದರು. ಇಸ್ತ್ರಿ ಮಾವನ ಯಕೃತ್ತು ಕೆಟ್ಟಿತ್ತು, ಕೈಬಿಡುವಷ್ಟಲ್ಲ. ಔಷಧಿಯ ಜೊತೆ ಮತ್ತೆ ಬರೀ ಇಸ್ತ್ರಿಗೆ ಇಳಿದರು.

ಕಚೇರಿಯವರು ಆಮೇಲೆ ನಗರದಲ್ಲಿ ಇಂಥ ಅಂಗಡಿಗಳ ಮೇಲಿರುವ ಮನೆಗಳನ್ನೆಲ್ಲ ನೋಡಲು ಹೊರಟರು. ಜನ ಬಾಗಿಲು ತೆಗೆಯುತ್ತಿರಲಿಲ್ಲ. ಒಂದು ಮನೆಯಲ್ಲಿ, ಮುದುಕನೊಬ್ಬ ತನ್ನನ್ನು ನೋಡಿಕೊಳ್ಳುತ್ತಿದ್ದ ಹೆಣ್ಣಾಳನ್ನು ವಿಷ ಹಾಕಿದಳೆಂದು ಹೊರಗಟ್ಟಿದ್ದಾನೆ ಎಂದು ಪರೀಕ್ಷಕಿ ಮಾತಿನ ನಡುವೆ ಹೇಳಿದರು. ಕನ್ನಡಕದಕ್ಕ ಅಂಗಡಿಯ ಕೆಲಸಕ್ಕೆ ಮರಳಿದ್ದಳು. ರಜೆಯ ದಿನ ವಿಳಾಸ ಕೇಳಿಕೊಂಡು ತಾನೇ ಹೋದಳು.

ಬಾಗಿಲು ಸರಪಳಿಯಷ್ಟು ಅಗಲಕ್ಕೆ ತೆರೆಯಿತು. ಒಳಗಿನಿಂದ ಒಂದು ಕಣ್ಣು ಅವಳನ್ನು ಮೇಲಿಂದ ಕೆಳಗೆ ಅಳೆಯಿತು.

"ಯಾರು ಕಳಿಸಿದ್ರು ನಿನ್ನ? ಏನು ತಂದಿದ್ದೀಯ?"

ಅವಳು ಎರಡೂ ಕೈ ಬಿಡಿಸಿ ತೋರಿಸಿದಳು.

"ಏನೂ ತಂದಿಲ್ಲ ತಾತ. ನಿಮ್ಮ ಮನೇಲಿ ನೀರು ಕೂಡ ಕುಡಿಯಲ್ಲ. ಮೊದಲು ಆ ಕಿಟಕಿ ತೆಗೀರಿ, ಆಮೇಲೆ ಮಾತಾಡೋಣ."